ಹೊಳಪಿಗೆ ಬಲಿಯಾಗುವ ಹಳೇ ಕಾರು

ಕ್ಯಾಲಿಫೋರ್ನಿಯಾದ ಪೆಬಲ್ ಬೀಚ್‌ನಲ್ಲಿ ಪ್ರತಿ ಆಗಸ್ಟ್ ತಿಂಗಳು ಸಮುದ್ರದಂಚಿನ ಗಾಲ್ಫ್ ಮೈದಾನದ ಮೇಲೆ ಹಳೆಯ ಕಾರುಗಳ ಸೌಂದರ್ಯ ಸ್ಪರ್ಧೆ ನಡೆಯುತ್ತದೆ. 1950ರಲ್ಲಿ ಶುರುವಾದ ಸ್ಪರ್ಧೆ. ಹಳೇ ಕಾರುಗಳ ಲೋಕದಲ್ಲಿ ಇದಕ್ಕಿಂತ ದೊಡ್ಡ ಮರ್ಯಾದೆ ಇಲ್ಲ. ಇಲ್ಲಿ ಗೆಲ್ಲಬೇಕಾದರೆ ಕಾರು ಥಳಥಳ ಹೊಳೆಯಬೇಕು, ಬೋಲ್ಟಿನ ತಲೆಯ ಮೇಲೂ ಒಂದು ಗೀರು ಇರಬಾರದು, ಗೇರ್‌ಬಾಕ್ಸಿನ ತಳ ನೋಡಿಕೊಂಡು ಗಡ್ಡ ಹೆರೆದುಕೊಳ್ಳುವಂತಿರಬೇಕು ಎಂಬುದು ದಶಕಗಳಿಂದ ಬೇರೂರಿದ್ದ ನಂಬಿಕೆ. 2024ರ ಆಗಸ್ಟ್ 18ರಂದು ಅಲ್ಲಿ ಎಲ್ಲಕ್ಕಿಂತ ಮೇಲಿನ ಬಹುಮಾನ ಪಡೆದ ಕಾರಿನ ಕಪ್ಪು ಬಣ್ಣ ಬಿರುಕು ಬಿಟ್ಟಿತ್ತು, ಅಲ್ಲಲ್ಲಿ ಉದುರಿಯೂ ಹೋಗಿತ್ತು. ಅದು 1934ರ ಬುಗಾಟಿ ಟೈಪ್ 59.

ಈ ಕಾರಿನ ಜಾತಕ ಸ್ವಲ್ಪ ಹೇಳಬೇಕು. ಹುಟ್ಟಿದ್ದು ರೇಸಿಗೆಂದು. 1934ರ ಬೆಲ್ಜಿಯನ್ ಗ್ರಾನ್ ಪ್ರಿಯನ್ನು ರೆನೆ ಡ್ರೇಫಸ್ ಗೆದ್ದದ್ದು ಇದನ್ನು ಓಡಿಸಿಯೇ. ಆಮೇಲೆ ಬುಗಾಟಿ ಕಂಪನಿಯೇ ಸೂಪರ್‌ಚಾರ್ಜರ್ ಕಳಚಿ, ಮಡ್‌ಗಾರ್ಡ್ ಕೂರಿಸಿ ಅದನ್ನು ಸ್ಪೋರ್ಟ್ಸ್ ಕಾರು ಮಾಡಿತು. 1938ರಲ್ಲಿ ಬೆಲ್ಜಿಯಂನ ದೊರೆ ಮೂರನೇ ಲಿಯೊಪೋಲ್ಡ್ ಕೊಂಡರು. ಕಪ್ಪು ಮೈ, ಮೇಲೊಂದು ಹಳದಿ ಪಟ್ಟೆ: ಈಗ ಕಾಣುವ ಬಣ್ಣ ದೊರೆಗಾಗಿ ಬಳಿದದ್ದು. ನಂತರ ಕೈ ಬದಲಾದಾಗಲೆಲ್ಲ ಎಂಜಿನ್ನಿನ ಆರೈಕೆ ನಡೆದಿದೆ, ಬಣ್ಣದ ತಂಟೆಗೆ ಮಾತ್ರ ಯಾರೂ ಹೋಗಿಲ್ಲ. 2020ರಲ್ಲಿ ಲಂಡನ್ನಿನ ಹರಾಜೊಂದರಲ್ಲಿ ಇದು 95 ಲಕ್ಷ ಪೌಂಡಿಗಿಂತ ಹೆಚ್ಚಿಗೆ ಹೋಯಿತು. ರಿಸ್ಟೋರ್ ಆಗದೆ, ಎಂದರೆ ಬಿಚ್ಚಿ ಹೊಸದರಂತೆ ಮಾಡಿಸಿಕೊಳ್ಳದೆ, ಉಳಿದ ಕಾರೊಂದು ಪೆಬಲ್ ಬೀಚಿನ ಕಿರೀಟ ಧರಿಸಿದ್ದು ಇದೇ ಮೊದಲು.

ತೀರ್ಪುಗಾರರಿಗೆ ಏಕಾಏಕಿ ಬುದ್ಧಿ ಬಂದದ್ದೇನಲ್ಲ. ಮೂವತ್ತು ನಲವತ್ತು ವರ್ಷಗಳಿಂದ ಯುರೋಪು, ಅಮೆರಿಕಗಳ ಸಂಗ್ರಾಹಕರು ನಿಧಾನವಾಗಿ ಒಂದು ಸತ್ಯಕ್ಕೆ ಕಣ್ಣು ಬಿಡುತ್ತಿದ್ದರು. ರಿಸ್ಟೋರ್ ಆದ ಕಾರುಗಳು ಪ್ರಪಂಚದಲ್ಲಿ ಬೇಕಾದಷ್ಟಿವೆ. ದುಡ್ಡಿದ್ದರೆ ನಾಳೆ ಇನ್ನೊಂದು ಮಾಡಿಸಬಹುದು, ನಾಡಿದ್ದು ಮತ್ತೊಂದು. ಆದರೆ ಕಾರ್ಖಾನೆಯಲ್ಲಿ ಬಳಿದ ಬಣ್ಣ, ಅಲ್ಲೇ ಹೊಲಿದ ಸೀಟು, ಅಲ್ಲೇ ಬಿಗಿದ ಸ್ಕ್ರೂ ಹೊತ್ತ ಕಾರುಗಳ ಸಂಖ್ಯೆ ಇಳಿಯುತ್ತಲೇ ಹೋಗುತ್ತದೆ, ಏರುವ ಸಾಧ್ಯತೆಯೇ ಇಲ್ಲ. ಫಿಲಡೆಲ್ಫಿಯಾದಲ್ಲಿ ರೇಸ್ ಕಾರುಗಳ ದೊಡ್ಡ ಸಂಗ್ರಹಾಲಯ ಕಟ್ಟಿದ ನರರೋಗ ಶಸ್ತ್ರವೈದ್ಯ ಫ್ರೆಡ್ ಸಿಮಿಯೋನ್ ಬದುಕಿರುವವರೆಗೂ ಇದನ್ನೇ ಸಾರಿದರು. ಅವರ ಬಳಿಯಿದ್ದ 1964ರ ಶೆಲ್ಬಿ ಕೋಬ್ರಾ ಡೇಟೋನಾ ಕೂಪೆ ಅಮೆರಿಕದ ಐತಿಹಾಸಿಕ ವಾಹನಗಳ ರಾಷ್ಟ್ರೀಯ ದಾಖಲೆಗೆ ಸೇರಿದ ಮೊಟ್ಟಮೊದಲ ಕಾರು. ಅದರ ಮೈಮೇಲಿನ ಉಬ್ಬುತಗ್ಗುಗಳನ್ನು ಅವರು ಸರಿಮಾಡಿಸಲಿಲ್ಲ.

ನಮ್ಮ ಊರುಗಳ ಹಳೇ ದೇವಸ್ಥಾನಗಳಲ್ಲಿ ಶಾಸನದ ಕಲ್ಲಿಗೆ ವರ್ಷವರ್ಷ ಸುಣ್ಣ ಬಳಿದು, ಜಾತ್ರೆಗೆ ‘ಚೆಂದ’ ಮಾಡಿ, ಅಕ್ಷರವನ್ನೇ ಮುಚ್ಚಿಬಿಟ್ಟದ್ದನ್ನು ಕಂಡವರಿದ್ದೀರಿ. ಬಳಿದವರಿಗೆ ಭಕ್ತಿ ಕಡಿಮೆಯಿತ್ತು ಎಂದು ಯಾರೂ ಹೇಳಲಾರರು. ಅಪರೂಪದ ಕಾರುಗಳ ವಿಷಯದಲ್ಲೂ ಹಾನಿಯಾಗುವುದು ಬಹುಪಾಲು ಪ್ರೀತಿಯಿಂದಲೇ.

ಹಾಗಾದರೆ ಹಳೇ ಬಣ್ಣದಲ್ಲಿ ಅಂಥದ್ದೇನಿದೆ? ಬಹಳ ಇದೆ. ಮೋಟಾರು ಯುಗದ ಆರಂಭದಲ್ಲಿ ಕಾರಿಗೆ ಬಣ್ಣ ಹಚ್ಚುತ್ತಿದ್ದವರು ಸಾರೋಟು ಕಟ್ಟುತ್ತಿದ್ದ ಕುಶಲಕರ್ಮಿಗಳು. ಎಣ್ಣೆ ಬಣ್ಣ, ಅದರ ಮೇಲೆ ವಾರ್ನಿಶ್; ಒಂದು ಪದರ ಒಣಗಿಸಿ, ಉಜ್ಜಿ, ಮತ್ತೊಂದು ಪದರ. ಒಂದು ಗಾಡಿ ಮುಗಿಯಲು ವಾರಗಟ್ಟಲೆ ಬೇಕಿತ್ತು. ಬಣ್ಣ ಒಣಗಲು ಕಾಯುವುದೇ ಕಾರ್ಖಾನೆಗಳ ದೊಡ್ಡ ತಲೆನೋವು. 1914ರಿಂದ 1925ರವರೆಗೆ ಫೋರ್ಡ್ ಮಾಡೆಲ್ ಟಿ ಕಪ್ಪು ಬಣ್ಣವೊಂದರಲ್ಲೇ ಸಿಗುತ್ತಿದ್ದ ಕಥೆ ಎಲ್ಲರಿಗೂ ಗೊತ್ತು. ಅಗ್ಗ ಮತ್ತು ಬಾಳಿಕೆ ಅದಕ್ಕೆ ಕಾರಣ. 1923ರ ಸುಮಾರಿಗೆ ಡ್ಯೂಪಾಂಟ್ ಕಂಪನಿ ‘ಡ್ಯೂಕೊ’ ಎಂಬ ನೈಟ್ರೋಸೆಲ್ಯುಲೋಸ್ ಬಣ್ಣ ತಂದಿತು. ಜನರಲ್ ಮೋಟರ್ಸ್ ಅದನ್ನು ಮೊದಲು ಓಕ್‌ಲ್ಯಾಂಡ್ ಕಾರುಗಳಿಗೆ ಬಳಸಿತು. ವಾರಗಳ ಕೆಲಸ ಗಂಟೆಗಳಿಗೆ ಇಳಿಯಿತು, ಬೀದಿಗೆ ನೀಲಿ, ಹಸಿರು, ಕಂದು ಬಣ್ಣದ ಕಾರುಗಳು ಬಂದವು. ನಮ್ಮ ಬಡಗಿಗಳು ಇಂದಿಗೂ ಬೀರುವಿಗೆ ಡ್ಯೂಕೊ ಪೇಂಟ್ ಹೊಡೆಸಿ ಎನ್ನುತ್ತಾರಲ್ಲ, ಅದು ಅಲ್ಲಿಂದ ಬಂದದ್ದು.

ಈ ಒಂದೊಂದು ಬಣ್ಣವೂ ಮುಪ್ಪಾಗುವ ರೀತಿ ಬೇರೆ. ವಾರ್ನಿಶ್ ಹಳದಿಗಟ್ಟುತ್ತದೆ. ನೈಟ್ರೋಸೆಲ್ಯುಲೋಸ್ ಮಂಕಾಗಿ, ಕೂದಲೆಳೆಯಂಥ ಸೀಳು ಬಿಡುತ್ತದೆ. ಮೆಲ್ಲಗೆ ಪಾಲಿಶ್ ಮಾಡಿದರೆ ಒಳಗಿನಿಂದ ಆಳವಾದ, ಮೆದುವಾದ ಕಾಂತಿ ಬರುತ್ತದೆ. ಈಗ ಗ್ಯಾರೇಜುಗಳಲ್ಲಿ ಹೊಡೆಯುವ ಪಾಲಿಯುರಿಥೇನ್ ಬಣ್ಣ, ಅದರ ಮೇಲಿನ ಕ್ಲಿಯರ್ ಕೋಟ್ ಹೀಗಲ್ಲ. ಅದು ಗಾಜು ಹೊದಿಸಿದ ಹಾಗೆ ಕೂರುತ್ತದೆ. 1930ರ ಕಾರಿಗೆ ಅದನ್ನು ಹೊಡೆಸಿದರೆ ಕಾರು ತನ್ನ ಕಾಲದಲ್ಲಿ ಎಂದೂ ಹೊಳೆಯದಷ್ಟು ಹೊಳೆಯುತ್ತದೆ. ಅದನ್ನೇ ‘ಕಾರ್ಖಾನೆಯಿಂದ ಬಂದ ದಿನದಂತೆ’ ಎಂದು ಹೊಗಳುವುದು ನನಗೆ ತಮಾಷೆಯಾಗಿ ಕಾಣುತ್ತದೆ. ಆ ಕಾಲದ ಕಾರ್ಖಾನೆಗಳು ಅಷ್ಟು ಅಚ್ಚುಕಟ್ಟಾಗಿ ಕೆಲಸ ಮಾಡುತ್ತಲೇ ಇರಲಿಲ್ಲ. ಸೀಟಿನಡಿ, ಬಾನೆಟ್ಟಿನ ಒಳಮೈಯಲ್ಲಿ, ಡ್ಯಾಶ್‌ಬೋರ್ಡಿನ ಹಿಂದೆ ಬಣ್ಣ ತೆಳುವಾಗಿರುತ್ತಿತ್ತು, ಇಳಿದ ಹನಿ ಹಾಗೆಯೇ ಒಣಗಿರುತ್ತಿತ್ತು. ತಪಾಸಣೆ ಮಾಡಿದವನು ಸೀಮೆಸುಣ್ಣದಲ್ಲಿ ಬರೆದ ನಂಬರು, ಬಾಡಿ ಕಟ್ಟಿದವನು ಮರದ ಚೌಕಟ್ಟಿನ ಮೇಲೆ ಪೆನ್ಸಿಲಿನಲ್ಲಿ ಹಾಕಿಕೊಂಡ ಗುರುತು ಎಷ್ಟೋ ಕಾರುಗಳ ಒಳಗೆ ಇನ್ನೂ ಇವೆ. ಸ್ಯಾಂಡ್ ಬ್ಲಾಸ್ಟಿಂಗ್ ಯಂತ್ರ ಐದು ನಿಮಿಷದಲ್ಲಿ ಇವೆಲ್ಲವನ್ನೂ ಒರೆಸಿ ಹಾಕುತ್ತದೆ.

ಪರಿಚಯದ ಮನೆಯೊಂದರಲ್ಲಿ ಅಜ್ಜನ ಕಾಲದ ಮಾರಿಸ್ ಮೈನರ್ ಇತ್ತು. ಅಪರೂಪದ ಗಾಡಿಯೇನಲ್ಲ, ಆದರೆ ಹುಟ್ಟಿದಾಗಿನ ಹಾಗೆಯೇ ಉಳಿದಿತ್ತು. ಅಜ್ಜ ಊರಿನ ಡಾಕ್ಟರು. ಕ್ಲಚ್ ಪೆಡಲಿನ ರಬ್ಬರು ಎಡ ಅಂಚಿನಲ್ಲಷ್ಟೇ ಸವೆದು ಲೋಹ ಕಾಣುತ್ತಿತ್ತು. ಅವರು ಕಾಲನ್ನು ಓರೆಯಾಗಿ ಇಡುತ್ತಿದ್ದರಂತೆ. ಪಕ್ಕದ ಸೀಟಿನ ಮೇಲೆ ಔಷಧಿ ಪೆಟ್ಟಿಗೆ ಇಟ್ಟು ಇಟ್ಟು ನಾಲ್ಕು ಮೂಲೆಯ ಅಚ್ಚು ಬಿದ್ದಿತ್ತು. ಗಾಡಿ ಗ್ಯಾರೇಜಿಗೆ ಹೋಗಿ ಬಂದಾಗ ಪೆಡಲಿಗೆ ಹೊಸ ರಬ್ಬರು, ಸೀಟಿಗೆ ಕೆಂಪು ರೆಕ್ಸಿನ್, ಮೈಗೆ ಎರಡು ಬಣ್ಣ. ಹಳೇ ಸೀಟು ಎಲ್ಲಿ ಎಂದು ಕೇಳಿದರೆ ಮೇಸ್ತ್ರಿ ಗುಜರಿಗೆ ಹಾಕಿ ಆಗಿತ್ತು. ಕಾರು ಮದುವೆ ದಿಬ್ಬಣಕ್ಕೆ ಚೆನ್ನಾಗಿ ಒಪ್ಪುತ್ತದೆ, ಡಾಕ್ಟರರ ಕಾರು ಎನ್ನಲು ಮಾತ್ರ ಆರ್‌ಸಿ ಪುಸ್ತಕ ತೆಗೆದು ತೋರಿಸಬೇಕು.

ಇನ್ನೊಂದು ತುದಿಯ ಕಥೆ ಫ್ರಾನ್ಸಿನದು. ಪಶ್ಚಿಮ ಫ್ರಾನ್ಸಿನಲ್ಲಿ ಸಾರಿಗೆ ಉದ್ಯಮ ನಡೆಸುತ್ತಿದ್ದ ರೋಜೆ ಬಾಯೋಂ ಎಂಬವರು 1950ರ ದಶಕದಿಂದ ಹಳೆಯ ಕಾರು ಕೊಳ್ಳುತ್ತಾ ಬಂದರು. ಸಂಗ್ರಹಾಲಯ ಕಟ್ಟುವ ಆಸೆ ಇತ್ತು. 1970ರ ದಶಕದಲ್ಲಿ ವ್ಯಾಪಾರ ಮುಳುಗಿತು, ಕೆಲವು ಕಾರು ಮಾರಿದರು, ಉಳಿದವು ತೋಟದ ತಗಡಿನ ಮಾಡುಗಳ ಕೆಳಗೆ ನಿಂತಲ್ಲೇ ನಿಂತವು. 2014ರಲ್ಲಿ ಹರಾಜು ಸಂಸ್ಥೆ ಆರ್ಟ್‌ಕ್ಯೂರಿಯಲ್‌ನ ತಜ್ಞರು ಅಲ್ಲಿಗೆ ಹೋದಾಗ ಬಳ್ಳಿ ಹಬ್ಬಿದ, ನೆಲಕ್ಕೆ ಕುಸಿದ ಸುಮಾರು 60 ಕಾರು ಕಂಡವು. ಒಂದು ಗ್ಯಾರೇಜಿನೊಳಗೆ ಹಳೇ ಪತ್ರಿಕೆಗಳ ರಾಶಿಯ ಅಡಿಯಲ್ಲಿ 1961ರ ಫೆರಾರಿ 250 ಜಿಟಿ ಕ್ಯಾಲಿಫೋರ್ನಿಯಾ ಸ್ಪೈಡರ್ ಇತ್ತು. ಒಂದು ಕಾಲಕ್ಕೆ ನಟ ಅಲೇನ್ ಡೆಲೋನ್ ಅದರಲ್ಲಿ ಕೂತಿದ್ದ ಫೋಟೋಗಳಿವೆ.

ಆ ತಜ್ಞರು ಮಾಡಿದ ಒಳ್ಳೇ ಕೆಲಸವೆಂದರೆ ಧೂಳು ಕೂಡ ಒರೆಸದೆ ಕಾರುಗಳನ್ನು ಪ್ಯಾರಿಸ್ಸಿಗೆ ಸಾಗಿಸಿದ್ದು. 2015ರ ಫೆಬ್ರುವರಿ 6ರ ಹರಾಜಿನಲ್ಲಿ ಫೆರಾರಿ ಬೂದು ಬಣ್ಣದ ಧೂಳು ಹೊದ್ದೇ ನಿಂತಿತ್ತು. ಬೆಲೆ 1 ಕೋಟಿ 60 ಲಕ್ಷ ಯೂರೋ ದಾಟಿತು. ಧೂಳಿಗೆ ಬೆಲೆ ಕಟ್ಟುವ ಈ ಹುಚ್ಚಿಗೆ ನಗಬಹುದು. ನಕ್ಕು ಆದಮೇಲೆ ಯೋಚಿಸಿದರೆ ಅದರಲ್ಲಿ ಲೆಕ್ಕಾಚಾರವೂ ಇದೆ. ಯಾರೂ ಮುಟ್ಟಿಲ್ಲ ಎಂಬುದಕ್ಕೆ ಧೂಳಿಗಿಂತ ಒಳ್ಳೇ ಸಾಕ್ಷಿ ಸಿಗುವುದಿಲ್ಲ. ಎಂಜಿನ್ ನಂಬರು, ಚಾಸಿ ನಂಬರು, ಒಳಗಿನ ಬಟ್ಟೆ, ವೈರು, ಎಲ್ಲವೂ ಒಂದೇ ಕಾಲದಿಂದ ಅಲ್ಲೇ ಇವೆ ಎಂದು ಕೊಳ್ಳುವವನಿಗೆ ಧೈರ್ಯ ಬರುತ್ತದೆ.

ಅದಕ್ಕಿಂತಲೂ ವಿಚಿತ್ರವಾದದ್ದು ಸ್ವಿಟ್ಜರ್ಲೆಂಡ್–ಇಟಲಿ ಗಡಿಯ ಮಜೋರೆ ಸರೋವರದ ಬುಗಾಟಿ. 1925ರ ಬ್ರೆಸಿಯಾ ಟೈಪ್ 22. ಸುಂಕ ಕಟ್ಟದೆ ಬಿಟ್ಟ ಕಾರನ್ನು ಸ್ವಿಸ್ ಸುಂಕದವರು ಸರಪಳಿ ಕಟ್ಟಿ ನೀರಿಗೆ ಇಳಿಸಿದರು, ಸರಪಳಿ ತುಕ್ಕು ಹಿಡಿದು ತುಂಡಾಗಿ ಕಾರು 50 ಮೀಟರಿಗೂ ಆಳಕ್ಕೆ ಹೋಯಿತು ಎಂಬುದು ಅಲ್ಲಿ ಪ್ರಚಲಿತವಿರುವ ಕಥೆ. 1967ರಲ್ಲಿ ಮುಳುಗುಗಾರನೊಬ್ಬ ಪತ್ತೆ ಮಾಡಿದ. 2009ರ ಜುಲೈನಲ್ಲಿ ಸ್ಥಳೀಯ ಮುಳುಗುಗಾರರ ಕ್ಲಬ್ ಅದನ್ನು ಮೇಲೆತ್ತಿತು. ಊರಿನ ಯುವಕನೊಬ್ಬ ಹಲ್ಲೆಯಲ್ಲಿ ಸತ್ತಿದ್ದ, ಅವನ ಹೆಸರಿನ ಪ್ರತಿಷ್ಠಾನಕ್ಕೆ ಹಣ ಕೂಡಿಸುವುದು ಉದ್ದೇಶ. 2010ರ ಜನವರಿಯಲ್ಲಿ ಪ್ಯಾರಿಸ್ಸಿನಲ್ಲಿ 2,60,500 ಯೂರೋಗೆ ಮಾರಾಟವಾಯಿತು. ಕೊಂಡದ್ದು ಅಮೆರಿಕದ ಸಂಗ್ರಾಹಕ ಪೀಟರ್ ಮಲ್ಲಿನ್. ಬುಗಾಟಿಯ ಹುಚ್ಚಿದ್ದ, ಹಣಕ್ಕೆ ಕೊರತೆಯಿಲ್ಲದ ಮನುಷ್ಯ. ಬೇಕಿದ್ದರೆ ಆ ನಂಬರ್ ಪ್ಲೇಟಿನ ಸುತ್ತ ಹೊಸ ಕಾರೊಂದನ್ನೇ ಕಟ್ಟಿಸಬಹುದಿತ್ತು. ಅವರು ತೂತುಬಿದ್ದ, ತುಕ್ಕು ಹಿಡಿದ ಆ ಅಸ್ಥಿಪಂಜರವನ್ನು ಹಾಗೇ ಕ್ಯಾಲಿಫೋರ್ನಿಯಾದ ತಮ್ಮ ಸಂಗ್ರಹಾಲಯದಲ್ಲಿ ಇಟ್ಟರು. ಅದನ್ನು ರಿಸ್ಟೋರ್ ಮಾಡಿಸಿದ್ದರೆ ಲೋಕಕ್ಕೆ ಇನ್ನೊಂದು ಬ್ರೆಸಿಯಾ ಸಿಗುತ್ತಿತ್ತು, ಸರೋವರದ ಕಾರು ಕಳೆದುಹೋಗುತ್ತಿತ್ತು.

ಹಾಗೆಂದು ಎಲ್ಲ ತುಕ್ಕನ್ನೂ ಪೂಜೆಗೆ ಇಡಬೇಕಾಗಿಲ್ಲ. ಈ ಸಂರಕ್ಷಣೆಯ ಫ್ಯಾಷನ್ನಿನ ಅತಿರೇಕವೂ ಶುರುವಾಗಿದೆ. ಹೊಸದಾಗಿ ತುಕ್ಕು ಬರಿಸಿ, ಬಣ್ಣವನ್ನು ಬೇಕೆಂದೇ ಉಜ್ಜಿ ಕೆಡಿಸಿ ‘ಹಳೆಯ ಕಳೆ’ ತರುವ ಕುಶಲಕರ್ಮಿಗಳು ಅಮೆರಿಕದಲ್ಲಿ ಅಂಗಡಿ ತೆರೆದು ಕೂತಿದ್ದಾರೆ. ಇದಕ್ಕಿಂತ ಪಳಪಳ ಹೊಳೆಯುವ ಕಾರೇ ಪ್ರಾಮಾಣಿಕ.

ಮೂಲ ಸ್ಥಿತಿ ಎಂದರೆ ಯಾವ ದಿನದ ಸ್ಥಿತಿ ಎಂಬ ಪ್ರಶ್ನೆ ಇಂಗ್ಲೆಂಡಿನಲ್ಲಿ ಒಮ್ಮೆ ಕೋರ್ಟಿನ ಮೆಟ್ಟಿಲೇರಿತ್ತು. ‘ಓಲ್ಡ್ ನಂಬರ್ ಒನ್’ ಎಂದು ಹೆಸರಾದ ಬೆಂಟ್ಲಿ ಸ್ಪೀಡ್ ಸಿಕ್ಸ್ 1929, 1930 ಎರಡೂ ವರ್ಷ ಲೆ ಮಾನ್ಸ್‌ನ 24 ಗಂಟೆಗಳ ರೇಸ್ ಗೆದ್ದ ಕಾರು. ಆಮೇಲೆ ಅದರ ಎಂಜಿನ್ ಬದಲಾಯಿತು. 1932ರಲ್ಲಿ ಬ್ರೂಕ್‌ಲ್ಯಾಂಡ್ಸ್ ರೇಸಿನಲ್ಲಿ ಕಾರು ಟ್ರ್ಯಾಕಿನ ಅಂಚು ಹಾರಿ ಬಿದ್ದು ಚಾಲಕ ಕ್ಲೈವ್ ಡನ್ಫಿ ಸತ್ತರು. ನಂತರ ಮತ್ತೆ ಕಟ್ಟಿದರು, ಬಾಡಿಯೂ ಬೇರೆಯಾಯಿತು. 1990ರ ಹೊತ್ತಿಗೆ ಅದನ್ನು ಒಂದು ಕೋಟಿ ಪೌಂಡಿಗೆ ಕೊಳ್ಳಲು ಒಪ್ಪಿದ್ದ ಕಂಪನಿ, ಇದರಲ್ಲಿ 1929ರದ್ದು ಏನು ಉಳಿದಿದೆ ಎಂದು ಹಿಂದೆ ಸರಿಯಿತು. ಮಾರಾಟಗಾರ ದಾವೆ ಹೂಡಿದ. ನ್ಯಾಯಮೂರ್ತಿ ಆಟನ್ ಭಾಗಭಾಗವಾಗಿ ವಿಚಾರಿಸಿದರು. 1929ರ ಲೋಹ ಅದರಲ್ಲಿ ಅತ್ಯಲ್ಪ, ಆದ್ದರಿಂದ ಹುಟ್ಟಿದಾಗಿನ ಕಾರು ಎನ್ನಲಾಗದು. ಆದರೆ ಯಾವ ಹಂತದಲ್ಲೂ ಕಾರಿನ ಬದುಕು ತುಂಡಾಗಿಲ್ಲ, ಅದರ ಜಾಗದಲ್ಲಿ ಇನ್ನೊಂದು ಕಾರು ಬಂದು ಕೂತಿಲ್ಲ, ಆದ್ದರಿಂದ ಓಲ್ಡ್ ನಂಬರ್ ಒನ್ ಎಂಬುದು ಇದೇ ಎಂದು ತೀರ್ಪಿತ್ತರು. ಕೊಳ್ಳುವವರು ಮಾತಿಗೆ ಬದ್ಧರಾಗಬೇಕಾಯಿತು.

ನನಗೆ ಈ ತೀರ್ಪು ಹಿಡಿಸುತ್ತದೆ. ಪೆಬಲ್ ಬೀಚ್ ಗೆದ್ದ ಬುಗಾಟಿಯೂ ಕಾರ್ಖಾನೆಯಿಂದ ಬಂದ ದಿನದ ರೂಪದಲ್ಲಿ ಇಲ್ಲವಲ್ಲ. ರೇಸಿನ ಕಾಲ, ದೊರೆಯ ಕಾಲ, ಆಮೇಲಿನ ಕಾಲ ಎಲ್ಲ ಅದರ ಮೈಮೇಲಿವೆ. ಹಳೇ ವಾಹನಗಳ ಅಂತಾರಾಷ್ಟ್ರೀಯ ಒಕ್ಕೂಟ ಫೀವಾ, ಸ್ಮಾರಕಗಳಿಗೆಂದು 1964ರಲ್ಲಿ ಬರೆದ ವೆನಿಸ್ ಸನ್ನದನ್ನು ಮಾದರಿಯಾಗಿಟ್ಟುಕೊಂಡು ಟ್ಯೂರಿನ್ ಸನ್ನದು ರೂಪಿಸಿದೆ. ಅದರ ತಿರುಳು ಇಷ್ಟೇ: ಆದಷ್ಟು ಕಡಿಮೆ ಮುಟ್ಟಿ, ಮುಟ್ಟಲೇಬೇಕಾದರೆ ಮುಂದೆ ಬಿಚ್ಚಿ ತೆಗೆಯಲು ಬರುವಂತೆ ಮಾಡಿ, ಹೊಸದಾಗಿ ಹಾಕಿದ ಭಾಗಕ್ಕೆ ಗುರುತು ಹಾಕಿ, ಮಾಡಿದ್ದೆಲ್ಲವನ್ನೂ ಬರೆದಿಡಿ.

ಭಾರತಕ್ಕೆ ಬಂದರೆ ಕಥೆ ಬೇರೆಯೇ. ರಾಜಮಹಾರಾಜರು ಲಂಡನ್, ಪ್ಯಾರಿಸ್ಸಿನ ಬಾಡಿ ಕಟ್ಟುವವರಿಗೆ ತಮಗೆ ತೋಚಿದಂತೆ ಹೇಳಿ ಮಾಡಿಸಿಕೊಂಡ ಕಾರುಗಳು ಇಲ್ಲಿದ್ದವು. ಅಂಥದ್ದು ಪ್ರಪಂಚದಲ್ಲಿ ಒಂದೇ ಇರುತ್ತಿತ್ತು. ಕಲ್ಕತ್ತದ ಬ್ರಿಟಿಷ್ ಶ್ರೀಮಂತನೊಬ್ಬ 1910ರ ಸುಮಾರಿಗೆ ಹಂಸದ ಆಕಾರದ ಕಾರು ಮಾಡಿಸಿ, ಅದರ ಕೊಕ್ಕಿನಿಂದ ಬಿಸಿನೀರು ಚಿಮ್ಮಿಸಿಕೊಂಡು ಬೀದಿಯಲ್ಲಿ ಓಡಾಡಿದ್ದ. ಅದು ನಾಭಾ ಮಹಾರಾಜರ ಕೈಗೆ ಹೋಗಿ, ಈಗ ನೆದರ್ಲೆಂಡ್ಸಿನ ಹೇಗ್ ನಗರದ ಲೌವ್‌ಮನ್ ಮ್ಯೂಸಿಯಮ್ಮಿನಲ್ಲಿದೆ. ಹೈದರಾಬಾದಿನ ನಿಜಾಮರ ಹಳದಿ ರೋಲ್ಸ್ ರಾಯ್ಸ್ ಸಿಲ್ವರ್ ಘೋಸ್ಟ್ ಮಾತ್ರ ಊರು ಬಿಡದೆ ಚೌಮಹಲ್ಲಾ ಅರಮನೆಯಲ್ಲೇ ಉಳಿದಿದೆ. 1971ರಲ್ಲಿ ರಾಜಧನ ನಿಂತ ಮೇಲೆ ಅರಮನೆಗಳ ಮೋಟಾರು ಖಾನೆಗಳು ಒಂದೊಂದಾಗಿ ಖಾಲಿಯಾದವು. ಕೆಲವು ಕಾರು ಹಡಗು ಹತ್ತಿದವು, ಕೆಲವು ಸಿನಿಮಾ ಕಂಪನಿಗಳಿಗೆ ಹೋದವು, ಬಹಳಷ್ಟು ಗುಜರಿ ಸೇರಿದವು.

ಅಷ್ಟರಲ್ಲಿ 1973ರ ತೈಲ ಬಿಕ್ಕಟ್ಟು. ಲೀಟರಿಗೆ ನಾಲ್ಕೈದು ಕಿಲೋಮೀಟರ್ ಓಡುವ ಎಂಟು ಸಿಲಿಂಡರಿನ ಅಮೆರಿಕನ್ ಕಾರು ಸಾಕುವುದು ಯಾರಿಗೆ ಸಾಧ್ಯ? ಮೇಸ್ತ್ರಿಗಳು ಆ ಎಂಜಿನ್ ಇಳಿಸಿ ಡೀಸೆಲ್ ಎಂಜಿನ್ ಕೂರಿಸಿದರು. ಇಳಿಸಿದ್ದು ತೂಕದ ಲೆಕ್ಕದಲ್ಲಿ ಮಾರಾಟವಾಯಿತು. ಆಮದಿಗೆ ಪರವಾನಗಿ ಬೇಕಿದ್ದ ಆ ಕಾಲದಲ್ಲಿ ಬಿಡಿಭಾಗಕ್ಕಾಗಿ ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳನ್ನು ಸುತ್ತಬೇಕು, ಸಿಗದಿದ್ದರೆ ಲೇತ್ ಮೇಲೆ ಮಾಡಿಸಬೇಕು, ಅದೂ ಆಗದಿದ್ದರೆ ಅಂಬಾಸಿಡರಿನದ್ದನ್ನೇ ತಿದ್ದಿ ಕೂರಿಸಬೇಕು. ಇದನ್ನು ಹೀಯಾಳಿಸುವ ವಿದೇಶಿ ತಜ್ಞರನ್ನು ನಾನು ಒಪ್ಪುವುದಿಲ್ಲ. ಕಾರು ಉಳಿದದ್ದೇ ಆ ಮೇಸ್ತ್ರಿಗಳ ಕೈಚಳಕದಿಂದ. ಐವತ್ತು ವರ್ಷ ಡೀಸೆಲ್ ಎಂಜಿನ್ನಿನಲ್ಲಿ ಓಡಿದ ಕಾರಿಗೆ ಆ ಎಂಜಿನ್ನೂ ಚರಿತ್ರೆಯೇ. ಅದರದ್ದೇ ಹಳೇ ಎಂಜಿನ್ ಸಿಕ್ಕರೆ ಕೂರಿಸಲಿ, ಸಿಗದಿದ್ದರೆ ಎಲ್ಲಿಂದಲೋ ಒಂದನ್ನು ತಂದು ನಂಬರು ಕೊರೆದು ‘ಹುಟ್ಟಿದಾಗಿನದು’ ಎಂದು ಹೇಳಿಕೊಳ್ಳುವ ಕೆಲಸ ಬೇಡ.

ಬೇಸರವಾಗುವುದು ಕಷ್ಟದ ಕಾಲದಲ್ಲಿ ಮಾಡಿದ್ದಕ್ಕಲ್ಲ, ಈಗ ಅನುಕೂಲವಿದ್ದೂ ಮಾಡುವುದಕ್ಕೆ. ನಮ್ಮ ಬಹುತೇಕ ರ್‍ಯಾಲಿಗಳಲ್ಲಿ ಚಪ್ಪಾಳೆ ಬೀಳುವುದು ಕ್ರೋಮ್ ಹೆಚ್ಚು ಮಿಂಚುವ ಕಾರಿಗೆ. 1940ರ ಕಾರಿಗೆ ಅದು ಎಂದೂ ಕಾಣದ ಚಿನ್ನದ ಬಣ್ಣ, ಹುಲಿಚರ್ಮದ ಸೀಟು ಹಾಕಿ ತಂದವರಿಗೂ ಕಪ್ ಸಿಗುತ್ತದೆ. ರಿಸ್ಟೋರ್ ಆಗದ ಕಾರುಗಳಿಗೆಂದೇ ಪ್ರತಿಯೊಂದು ರ್‍ಯಾಲಿಯಲ್ಲೂ ಒಂದು ವರ್ಗವಿಟ್ಟು ಬಹುಮಾನ ಕೊಟ್ಟರೆ ಎಷ್ಟೋ ಕಾರುಗಳ ಬಣ್ಣ ಉಳಿದೀತು. ಇದಕ್ಕೆ ಸಂಘಟಕರು ಹೆಚ್ಚಿನ ಹಣವನ್ನೇನೂ ಖರ್ಚು ಮಾಡಬೇಕಿಲ್ಲ.

ಸರ್ಕಾರದ ನಿಯಮ ಈ ವಿಷಯದಲ್ಲಿ ಸಂಘಟಕರಿಗಿಂತ ಮುಂದಿದೆ ಎಂದರೆ ನಂಬುವುದು ಕಷ್ಟ, ಆದರೆ ನಿಜ. 2021ರ ಜುಲೈನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಹೊರಡಿಸಿದ ನಿಯಮದ ಪ್ರಕಾರ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಕಾರು, ಬೈಕುಗಳು ವಿಂಟೇಜ್ ಎನಿಸಿಕೊಳ್ಳುತ್ತವೆ. ಚಾಸಿ, ಬಾಡಿ, ಎಂಜಿನ್ನಿನಲ್ಲಿ ಗಣನೀಯ ಬದಲಾವಣೆ ಆಗಿರಬಾರದು. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷದ ಮಾನ್ಯತೆ, ಮರುನೋಂದಣಿಗೆ 5,000. ಹೊಸದಾಗಿ ನೋಂದಾಯಿಸಿದರೆ ರಾಜ್ಯದ ಅಕ್ಷರಗಳ ಜೊತೆ ‘ವಿಎ’ ಎಂಬ ಅಕ್ಷರ ಬರುತ್ತದೆ. ಈಗಾಗಲೇ ನೋಂದಣಿಯಾಗಿರುವ ವಾಹನ ತನ್ನ ಹಳೇ ನಂಬರನ್ನೇ ಉಳಿಸಿಕೊಳ್ಳಬಹುದು. ಮೈಸೂರು ರಾಜ್ಯದ ಕಾಲದ ‘ಎಂವೈ’ ನಂಬರಿನ ಕಾರು ಮನೆಯಲ್ಲಿದ್ದರೆ ಅದನ್ನು ಯಾವ ಕಾರಣಕ್ಕೂ ಕಳೆದುಕೊಳ್ಳಬೇಡಿ. ವಿಂಟೇಜ್ ಎಂದು ನೋಂದಾಯಿಸಿದ ಕಾರನ್ನು ದಿನನಿತ್ಯದ ಓಡಾಟಕ್ಕಾಗಲಿ ಬಾಡಿಗೆಗಾಗಲಿ ಬಳಸುವಂತಿಲ್ಲ; ಪ್ರದರ್ಶನ, ರ್‍ಯಾಲಿ, ರಿಪೇರಿ, ಇಂಧನ ತುಂಬಿಸಲು ರಸ್ತೆಗಿಳಿಸಬಹುದು.

ಇಂಧನ ಎಂದಾಗ ಒಂದು ಎಚ್ಚರಿಕೆ. ಈಗ ಬಂಕುಗಳಲ್ಲಿ ಸಿಗುವುದು ಶೇ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್. ಹಳೇ ಕಾರುಗಳ ಪೆಟ್ರೋಲ್ ಟ್ಯಾಂಕಿನಲ್ಲಿ, ಕೆಲವು ಕಾರ್ಬೊರೇಟರುಗಳಲ್ಲಿ ತೇಲುವ ಬಿರಡೆಯೊಂದಿರುತ್ತದೆ. ಬಿರಡೆ ಪೆಟ್ರೋಲ್ ಹೀರದಂತೆ ಅದಕ್ಕೆ ಅರಗು ಬಳಿದಿರುತ್ತಾರೆ, ಚನ್ನಪಟ್ಟಣದ ಬೊಂಬೆಗೆ ಹೊಳಪು ಕೊಡುವ ಅದೇ ಅರಗು. ಪೆಟ್ರೋಲಿನಲ್ಲಿ ಅರಗು ಕರಗುವುದಿಲ್ಲ, ಸ್ಪಿರಿಟ್ಟಿನಲ್ಲಿ ಕರಗುತ್ತದೆ. ಮರಕ್ಕೆ ಪಾಲಿಶ್ ಹಾಕುವವರಿಗೆ ಇದು ಚೆನ್ನಾಗಿ ಗೊತ್ತು. ಎಥೆನಾಲ್ ಎಂದರೂ ಸ್ಪಿರಿಟ್ಟೇ. ಅರಗು ಕರಗಿ ಅಂಟಂಟಾಗಿ ಜೆಟ್ಟುಗಳಿಗೆ ಕಟ್ಟಿಕೊಳ್ಳುತ್ತದೆ, ಬಿರಡೆ ಪೆಟ್ರೋಲ್ ಕುಡಿದು ಮುಳುಗುತ್ತದೆ. ಹಳೇ ರಬ್ಬರ್ ಪೈಪುಗಳು ಉಬ್ಬಿ ಸೀಳುತ್ತವೆ. ಎಥೆನಾಲ್ ಗಾಳಿಯ ತೇವವನ್ನೂ ಎಳೆದುಕೊಳ್ಳುವುದರಿಂದ ತಿಂಗಳುಗಟ್ಟಲೆ ನಿಲ್ಲುವ ಕಾರಿನ ಟ್ಯಾಂಕು ಒಳಗಿನಿಂದ ತುಕ್ಕು ಹಿಡಿಯುತ್ತದೆ. ಇಂಥ ಕಡೆ ಮಡಿವಂತಿಕೆ ಬೇಡ. ಇಂಧನದ ಪೈಪು, ಬ್ರೇಕಿನ ರಬ್ಬರು, ಟೈರು, ಸುಲಿದ ವೈರುಗಳನ್ನು ಹೊಸದು ಹಾಕಿಸಲೇಬೇಕು. ಬೆಂಕಿ ಹತ್ತಿ ಸುಟ್ಟುಹೋದ ಕಾರಿನ ಮೂಲ ಬಣ್ಣ ಯಾರಿಗೂ ಬೇಡ. ತೆಗೆದ ಹಳೇ ಭಾಗಕ್ಕೆ ಚೀಟಿ ಕಟ್ಟಿ ಡಬ್ಬಿಯಲ್ಲಿಡಿ, ಅಷ್ಟೇ. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕು ಖಾಲಿ ಮಾಡಿ, ಆಗಾಗ ಹ್ಯಾಂಡಲ್ ಹಾಕಿ ಎಂಜಿನ್ನನ್ನು ಕೈಯಲ್ಲೇ ತಿರುಗಿಸುತ್ತಿದ್ದರೆ ಪಿಸ್ಟನ್ ಹಿಡಿದುಕೊಳ್ಳುವುದಿಲ್ಲ.

ನಮ್ಮ ಹವೆಯಲ್ಲಿ ಇನ್ನೂ ಕೆಲವು ಶತ್ರುಗಳಿದ್ದಾರೆ. ಹಳೆಯ ಬಾಡಿಗಳಲ್ಲಿ ತಗಡಿನ ಒಳಗೆ ಮರದ ಚೌಕಟ್ಟು ಇರುತ್ತದೆ, ಅದಕ್ಕೆ ಗೆದ್ದಲು ಬಿದ್ದರೆ ಹೊರಗಿನಿಂದ ತಿಳಿಯುವುದೇ ಇಲ್ಲ. ಬಾಗಿಲು ಜೋತುಬಿದ್ದ ದಿನ ಗೊತ್ತಾಗುತ್ತದೆ. ಇಲಿಗೆ ಬಟ್ಟೆ ಸುತ್ತಿದ ವೈರು, ಸೀಟಿನೊಳಗಿನ ಕುದುರೆ ಕೂದಲು ಎರಡೂ ಪ್ರಿಯ. ಕರಾವಳಿಯ ಉಪ್ಪುಗಾಳಿ ತಗಡು ತಿನ್ನುತ್ತದೆ, ಮಲೆನಾಡಿನ ಮಳೆಗಾಲ ಚರ್ಮಕ್ಕೆ ಬೂಷ್ಟು ಹಿಡಿಸುತ್ತದೆ. ಬಯಲುಸೀಮೆಯ ಒಣ ಹವೆ ಲೋಹಕ್ಕೆ ಒಳ್ಳೆಯದು, ಬಿಸಿಲು ಮಾತ್ರ ರಬ್ಬರು ಮತ್ತು ಬಣ್ಣಕ್ಕೆ ಯಮ. ಪ್ಲಾಸ್ಟಿಕ್ ಹೊದಿಕೆ ಎಲ್ಲಕ್ಕಿಂತ ಕೆಟ್ಟದ್ದು. ಒಳಗೆ ಬೆವರಿ ತುಕ್ಕು ಬೇಗ ಬರುತ್ತದೆ. ಗಾಳಿಯಾಡುವ ಶೆಡ್ಡು, ಹತ್ತಿ ಬಟ್ಟೆಯ ಹೊದಿಕೆ, ನೆಲದಿಂದ ಸ್ವಲ್ಪ ಎತ್ತಿ ನಿಲ್ಲಿಸಿದ ಚಾಸಿ, ಇಷ್ಟಾದರೆ ಅರ್ಧ ಕೆಲಸ ಆದಂತೆ.

ಶ್ರೀರಂಗಪಟ್ಟಣದ ಹತ್ತಿರ ಹೆದ್ದಾರಿಯಲ್ಲೇ ಧರ್ಮಸ್ಥಳದವರ ‘ಪಯಣ’ ಕಾರು ಸಂಗ್ರಹಾಲಯ ಇದೆ. ಮುಂದಿನ ಸಲ ಅಲ್ಲಿಗೆ ಹೋದಾಗ ಕಾರಿನ ಮುಂದೆ ನಿಂತು ಸೆಲ್ಫಿ ತೆಗೆದಾದ ಮೇಲೆ ಬಾಗಿಲಿನ ಅಂಚು, ಪೆಡಲು, ಸ್ಟೀರಿಂಗ್ ಚಕ್ರದ ಸವೆತ ಇವನ್ನೂ ಬಗ್ಗಿ ನೋಡಿ. ಯಾವುದು ಆ ಕಾಲದ್ದು, ಯಾವುದು ಈಚಿನದು ಎಂದು ಕಣ್ಣಿಗೆ ತಾನಾಗಿ ಅಭ್ಯಾಸವಾಗುತ್ತದೆ.

ನಿಮ್ಮ ಹಳೇ ಮನೆಯ ಕೊಟ್ಟಿಗೆಯಲ್ಲೋ ನೆಂಟರ ತೋಟದ ಶೆಡ್ಡಿನಲ್ಲೋ ಅಂಥ ಗಾಡಿಯೊಂದು ಇದ್ದರೆ ಈ ರಜೆಯಲ್ಲೇ ಹೋಗಿ ಎಲ್ಲ ಮಗ್ಗುಲುಗಳಿಂದಲೂ ಫೋಟೋ ತೆಗೆಯಿರಿ. ನೀರು ಹೊಡೆದು ತೊಳೆಯಬೇಡಿ. ಕೀ ತಿರುಗಿಸಿ ಸ್ಟಾರ್ಟ್ ಮಾಡುವ ಆತುರವೂ ಬೇಡ. ವರ್ಷಗಟ್ಟಲೆ ನಿಂತ ಎಂಜಿನ್ ಹಾಳಾಗುವುದು ಬಹಳ ಸಲ ಆ ಒಂದು ಕ್ಷಣದಲ್ಲೇ. ಸೀಟಿನಡಿ, ಗ್ಲೋವ್ ಬಾಕ್ಸಿನಲ್ಲಿ ಸಿಕ್ಕ ಚೀಟಿ, ಬಿಲ್ಲು, ಪೆಟ್ರೋಲ್ ರಸೀತಿಗಳನ್ನು ಒಂದು ಕವರಿಗೆ ಹಾಕಿ. ಆ ಕಾರು ಓಡಿಸಿದ ಹಿರಿಯರೋ ಡ್ರೈವರೋ ಇದ್ದರೆ ಹತ್ತಿರ ಕೂತು ಕೇಳಿ ಬರೆದುಕೊಳ್ಳಿ: ಯಾವಾಗ ಕೊಂಡದ್ದು, ಎಂಜಿನ್ ಬಿಚ್ಚಿದ್ದು ಯಾವಾಗ, ಬಣ್ಣ ಬದಲಾದದ್ದು ಯಾಕೆ. ಕೊನೆಗೆ ಮಾರುವುದೇ ಆದರೆ ಈ ಕಾಗದಗಳನ್ನು ಕಾರಿನ ಜೊತೆಗೇ ಕೊಡಿ. ದಾಖಲೆಯಿರುವ ಮಾಸಿದ ಕಾರಿಗೆ ದಾಖಲೆಯಿಲ್ಲದ ಹೊಳೆಯುವ ಕಾರಿಗಿಂತ ಹೆಚ್ಚು ಬೆಲೆ ಕೊಡುವವರು ಈಗ ಇದ್ದಾರೆ.